ರಿಫೈನರಿಯ ಹೊಲಸು ಎಲ್ಲಿಗೆ ಹೋಗುತ್ತದೆ?

(ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ. ಬಿಸಿಲಿಗೆ ಹೆದರಿ ಕೂತರೆ ಕಲಬುರಗಿಯಲ್ಲಿ ಯಾವ ಕಾರ್ಯಕ್ರಮವೂ ಆಗುವುದಿಲ್ಲ ಅನ್ನಿ.

ಈಗ ತಾನೇ ಹಿರಿಯರೊಬ್ಬರು ಕೇಳಿದರು, "ರಿಫೈನರಿ ಅದ ಮಂಗಳೂರಾಗ. ನಮಗೇನ್ ಸಂಬಂಧ ಅದ ರೀ ಸರ್?" ಕೇಳಬೇಕಾದ ಪ್ರಶ್ನೆಯೇ. ಕರ್ನಾಟಕದಲ್ಲಿ ಇರುವುದು ಒಂದೇ ರಿಫೈನರಿ, ಮಂಗಳೂರಿನ ಎಂಆರ್‌ಪಿಎಲ್. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ನಮ್ಮಿಂದ ಬಹಳ ದೂರ. ಆದರೆ ರಿಫೈನರಿಗಳ ಹೊಲಸಿಗೆ ಕಾಲಿದೆ. ಅದು ಲಾರಿ ಹತ್ತುತ್ತದೆ, ರೈಲು ಹತ್ತುತ್ತದೆ. ತೈಲದ ಕಟ್ಟಕಡೆಯ ಭಾಗವಾದ ಪೆಟ್‌ಕೋಕ್ ಎಂಬ ಕಪ್ಪು ಗಟ್ಟಿ ವಸ್ತುವನ್ನು ಈ ದೇಶದಲ್ಲಿ ಹೆಚ್ಚು ಸುಡುವುದು ಸಿಮೆಂಟ್ ಕಾರ್ಖಾನೆಗಳು. ಸಿಮೆಂಟ್ ಎಲ್ಲಿದೆ? ಸೇಡಂನಲ್ಲಿದೆ, ಮಳಖೇಡದಲ್ಲಿದೆ, ವಾಡಿಯಲ್ಲಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನ ಪಕ್ಕದಲ್ಲೇ ಇವತ್ತು ಕಿಲ್ನ್, ಅಂದರೆ ಸಿಮೆಂಟ್ ಸುಡುವ ಕುಲುಮೆ ತಿರುಗುತ್ತಿದೆ. ಆದ್ದರಿಂದ ಸಂಬಂಧ ಇದೆ.

ನಾನು ಕೆಲಸ ಮಾಡಿದ್ದು ರಿಫೈನರಿಗಳಲ್ಲಿ. ಅಲ್ಲಿ ಕಲಿತ ಒಂದೇ ಒಂದು ವಿಷಯ ಹೇಳಲು ಬಂದಿದ್ದೇನೆ. "ಮಾಲಿನ್ಯ ಇಷ್ಟು ಕಡಿಮೆ ಮಾಡಿದೆವು" ಅಂತ ಯಾರಾದರೂ ಹೇಳಿದರೆ ಚಪ್ಪಾಳೆ ತಟ್ಟುವ ಮುಂಚೆ ಕೇಳಿ: ಹಾಗಾದರೆ ಅದು ಎಲ್ಲಿಗೆ ಹೋಯ್ತು?

ಗಂಧಕದಿಂದ ಶುರು ಮಾಡೋಣ. ಕಚ್ಚಾ ತೈಲದಲ್ಲಿ ಉಪ್ಪು, ಮಣ್ಣು, ನೀರು, ನಿಕಲ್, ವೆನೇಡಿಯಂ, ಗಂಧಕ ಎಲ್ಲ ಇರುತ್ತವೆ. ಕೊಲ್ಲಿ ದೇಶಗಳಿಂದ ಬರುವ ಎಷ್ಟೋ ತೈಲದಲ್ಲಿ ನೂರಕ್ಕೆ ಎರಡು ಪಾಲು ಗಂಧಕ, ಕೆಲವದರಲ್ಲಿ ಇನ್ನೂ ಜಾಸ್ತಿ. ಇಂಥ ತೈಲವನ್ನು ವರ್ಷಕ್ಕೆ 1 ಕೋಟಿ ಟನ್ ಸಂಸ್ಕರಿಸುವ ಒಂದು ರಿಫೈನರಿ ಇದೆ ಅಂದುಕೊಳ್ಳಿ. ಅದರ ಗೇಟಿನ ಒಳಗೆ ವರ್ಷಕ್ಕೆ 2 ಲಕ್ಷ ಟನ್ ಗಂಧಕ ಬರುತ್ತದೆ. ಒಳಗೆ ಬಂದದ್ದು ಹೊರಗೆ ಹೋಗಲೇಬೇಕು. ಡೀಸೆಲ್ಲಿನ ಜೊತೆ ಹೋಗಬಹುದು. ಚಿಮಣಿಯಿಂದ, ಗಟಾರದ ನೀರಿನಿಂದ ಹೋಗಬಹುದು. ಕೋಕಿನ ಒಳಗೆ ಕೂತು ಹೋಗಬಹುದು. ಇಲ್ಲವೇ ಹಳದಿ ಗಂಧಕವಾಗಿ, ಮಾರಾಟದ ಸರಕಾಗಿ ಹೋಗಬಹುದು. ಇದು ಬಿಟ್ಟರೆ ದಾರಿ ಇಲ್ಲ.

ಹಿಂದೆ ಬಹಳಷ್ಟು ಗಂಧಕ ಇಂಧನದ ಜೊತೆಯೇ ಹೋಗಿ ಬೀದಿ ಬೀದಿಯಲ್ಲಿ ಹೊಗೆಯಾಗುತ್ತಿತ್ತು. ವಾಹನಗಳ ಹೊಗೆಗೆ ಸರ್ಕಾರ ಇಟ್ಟ ಭಾರತ್ ಸ್ಟೇಜ್ ಅಂದರೆ ಬಿಎಸ್ ಮಾನದಂಡಗಳಲ್ಲಿ, ಬಿಎಸ್-3 ಡೀಸೆಲ್ಲಿನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲು ಗಂಧಕಕ್ಕೆ ಅವಕಾಶ ಇತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. ಆಮೇಲೆ ಬಿಎಸ್-5 ಅನ್ನು ಪೂರ್ತಿ ಬಿಟ್ಟು, 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-6 ಬಂತು. ಈಗಿನ ಮಿತಿ 10. ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಶ್ವಾಸಕೋಶಕ್ಕೆ ಇದು ನಿಜವಾದ ಲಾಭ. ಸುಮ್ನೆ ಹೇಳುತ್ತಿಲ್ಲ, ದೊಡ್ಡ ಕೆಲಸ ಅದು.

ಆದರೆ ಗಂಧಕ ಮಾಯವಾಗಲಿಲ್ಲ, ರಿಫೈನರಿಯಲ್ಲೇ ಉಳಿಯಿತು. ಡೀಸೆಲ್ಲಿಗೆ ಜಾಸ್ತಿ ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿದರೆ ಗಂಧಕ ಬಿಟ್ಟುಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ. ಇದರ ಕೆಟ್ಟ ಗುಣ ಏನೆಂದರೆ, ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ನಿಂತಿತು, ಅಪಾಯ ಹೋಯ್ತು ಅಂದುಕೊಂಡವರು ಸತ್ತಿದ್ದಾರೆ. ಹಾಗಾಗಿ ಕೆಲಸಗಾರರ ಅಂಗಿಗೆ ಒಂದು ಪುಟ್ಟ ಅಳತೆ ಯಂತ್ರ ಸಿಕ್ಕಿಸಿರುತ್ತಾರೆ.

ಈ ಅನಿಲವನ್ನು ಅಮೀನ್ ಎಂಬ ದ್ರಾವಣದಲ್ಲಿ ಹಿಡಿದು, ಬಿಡಿಸಿ, ಕ್ಲೌಸ್ ಘಟಕಕ್ಕೆ ಕಳಿಸುತ್ತಾರೆ. ಕಾರ್ಲ್ ಫ್ರೀಡ್ರಿಕ್ ಕ್ಲೌಸ್ 1883ರಲ್ಲಿ ಪೇಟೆಂಟ್ ಪಡೆದ ವಿಧಾನ, ಇವತ್ತಿಗೂ ಅದೇ ಆಧಾರ. ಮೂರರಲ್ಲಿ ಒಂದು ಪಾಲು ಅನಿಲವನ್ನು ಸುಟ್ಟು ಸಲ್ಫರ್ ಡೈಆಕ್ಸೈಡ್ ಮಾಡುತ್ತಾರೆ. ಅದು ಉಳಿದ ಎರಡು ಪಾಲಿನ ಜೊತೆ ಸೇರಿದರೆ ಶುದ್ಧ ಗಂಧಕ ಮತ್ತು ನೀರು ಬರುತ್ತದೆ. ಪ್ರಪಂಚದಲ್ಲಿ ಇವತ್ತು ಮಾರಾಟವಾಗುವ ಗಂಧಕದಲ್ಲಿ ಬಹುಪಾಲು ಹೀಗೆ ತೈಲ ಮತ್ತು ನೈಸರ್ಗಿಕ ಅನಿಲದಿಂದ ತೆಗೆದದ್ದು. ಗಣಿಯಿಂದ ತೆಗೆಯುವುದು ಕಡಿಮೆ. ನಮ್ಮ ರೈತರು ದ್ರಾಕ್ಷಿಗೆ, ಮೆಣಸಿನಕಾಯಿಗೆ ಬೂದಿ ರೋಗ ಬಂದಾಗ ಹೊಡೆಯುವ ಗಂಧಕದ ಪುಡಿ, ರಸಗೊಬ್ಬರಕ್ಕೆ ಬೇಕಾದ ಸಲ್ಫ್ಯೂರಿಕ್ ಆಮ್ಲ, ಇವುಗಳ ಮೂಲ ಹುಡುಕುತ್ತಾ ಹೋದರೆ ಎಷ್ಟೋ ಸಲ ಯಾವುದೋ ರಿಫೈನರಿಗೆ ಹೋಗಿ ನಿಲ್ಲುತ್ತೀರಿ. ಹೊಲಸು ಸರಕಾಗುವುದು ಅಂದರೆ ಇದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಲೆಕ್ಕ ಇದೆ. ಎರಡು ಮೂರು ಹಂತದ ಸಾಮಾನ್ಯ ಕ್ಲೌಸ್ ಘಟಕ ನೂರಕ್ಕೆ ಸುಮಾರು 95ರಿಂದ 97 ಪಾಲು ಗಂಧಕ ಹಿಡಿಯುತ್ತದೆ. ಕೇಳಲು ಚೆನ್ನಾಗಿದೆ. ಅದರ ಹಿಂದೆ ಉಳಿಕೆ ಅನಿಲಕ್ಕಾಗಿ ಇನ್ನೊಂದು ಘಟಕ ಕೂರಿಸಿದರೆ 99.9ಕ್ಕೆ ಹೋಗುತ್ತದೆ. ಮೂರೇ ಪಾಲಿನ ವ್ಯತ್ಯಾಸಕ್ಕೆ ಅಷ್ಟೊಂದು ಖರ್ಚಾ ಅಂತ ಅನ್ನಿಸುತ್ತದೆ, ಅಲ್ವಾ? ಉಳಿದದ್ದನ್ನು ಲೆಕ್ಕ ಹಾಕಿ. ಘಟಕಕ್ಕೆ 1 ಲಕ್ಷ ಟನ್ ಗಂಧಕ ಬಂದರೆ ಮೊದಲನೆಯದರಲ್ಲಿ 3,000 ಟನ್ ಚಿಮಣಿಗೆ ಹೋಗುತ್ತದೆ, ಎರಡನೆಯದರಲ್ಲಿ 100 ಟನ್. ಮೂವತ್ತು ಪಟ್ಟು ವ್ಯತ್ಯಾಸ. ಸುಟ್ಟು ಸಲ್ಫರ್ ಡೈಆಕ್ಸೈಡ್ ಆದಾಗ ತೂಕ ಇಮ್ಮಡಿಯಾಗುತ್ತದೆ. ಎಷ್ಟು ಹಿಡಿದರು ಅನ್ನುವುದನ್ನು ಜಾಹೀರಾತಿನಲ್ಲಿ ಹಾಕುತ್ತಾರೆ. ಪಕ್ಕದ ಊರಿನವರು ಉಸಿರಾಡುವುದು ಬಿಟ್ಟುಹೋದದ್ದನ್ನು.

ಇನ್ನೊಂದು ತಿರುವು. ಡೀಸೆಲ್ ತೊಳೆಯಲು ಬೇಕಾದ ಹೈಡ್ರೋಜನ್ ಎಲ್ಲಿಂದ ಬಂತು? ಬಹುತೇಕ ನೈಸರ್ಗಿಕ ಅನಿಲ ಅಥವಾ ನಾಫ್ತಾ ಎಂಬ ಹಗುರ ತೈಲದಿಂದ. ಅನಿಲದಿಂದ 1 ಕಿಲೋ ಹೈಡ್ರೋಜನ್ ಮಾಡಿದರೆ ಸುಮಾರು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಲಬುರಗಿಯ ಬೀದಿ ಸ್ವಚ್ಛವಾಯಿತು, ರಿಫೈನರಿಯ ಚಿಮಣಿಯ ಪಾಲು ಹೆಚ್ಚಾಯಿತು. ಗಂಧಕದ ವಿಷಯದಲ್ಲಿ ನಾನು ಈ ಅದಲುಬದಲನ್ನು ಒಪ್ಪುತ್ತೇನೆ. ಆದರೆ ಲೆಕ್ಕದ ಎರಡೂ ಬದಿ ಬರೆದಿಡಬೇಕು.

ಈಗ ಕೋಕಿಗೆ ಬರೋಣ. ತೈಲವನ್ನು ಕಾಯಿಸಿ ಬೇರ್ಪಡಿಸಿದ ಮೇಲೆ ತಳದಲ್ಲಿ ಡಾಂಬರಿನಂಥ ದಪ್ಪ ದ್ರವ ಉಳಿಯುತ್ತದೆ. ಅದನ್ನು ಇನ್ನೂ ಕಾಯಿಸಿ ಒಡೆದರೆ ಒಂದಿಷ್ಟು ಡೀಸೆಲ್ ಸಿಗುತ್ತದೆ, ಉಳಿದದ್ದು ಪೆಟ್‌ಕೋಕ್. ಬೂದಿ ಬಹಳ ಕಡಿಮೆ. ಶಾಖ ಕಿಲೋಗೆ ಸುಮಾರು 8,000 ಕಿಲೋಕ್ಯಾಲೊರಿ, ಅಂದರೆ ನಮ್ಮ ದೇಶದ ಸಾಮಾನ್ಯ ಕಲ್ಲಿದ್ದಲಿನ ಹೆಚ್ಚುಕಡಿಮೆ ಎರಡು ಪಟ್ಟು. ಸಿಮೆಂಟಿನವರಿಗೆ ಇಷ್ಟವಾಗದೆ ಇರುತ್ತದಾ? ಆದರೆ ತೈಲದಲ್ಲಿದ್ದ ಗಂಧಕ ಮತ್ತು ಲೋಹಗಳು ಇದರಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಗಂಧಕ ನೂರಕ್ಕೆ ಆರೇಳು ಪಾಲು ಇರುವುದೂ ಉಂಟು.

2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ರಾಜ್ಯಗಳಲ್ಲಿ ಪೆಟ್‌ಕೋಕ್ ಸುಡುವುದನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಿಮೆಂಟ್ ಉದ್ಯಮಕ್ಕೆ ವಿನಾಯಿತಿ ಕೊಟ್ಟಿತು. ಇದು ಬರೀ ಲಾಬಿ ಅಂದುಕೊಳ್ಳಬೇಡಿ, ಇದರಲ್ಲಿ ರಸಾಯನ ಶಾಸ್ತ್ರ ಇದೆ. ಬಾಯ್ಲರಿನಲ್ಲಿ ಪೆಟ್‌ಕೋಕ್ ಸುಟ್ಟರೆ ಗಂಧಕ ನೇರ ಚಿಮಣಿಗೆ. ಸಿಮೆಂಟ್ ಕಿಲ್ನ್‌ನಲ್ಲಿ ಮೇಲಿಂದ ಸುಣ್ಣದ ಕಲ್ಲಿನ ಪುಡಿ ಇಳಿಯುತ್ತಿರುತ್ತದೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಪರ್ಸಿಯ ಬಂಧು ಅದು. ಸುಣ್ಣ ಗಂಧಕವನ್ನು ಹಿಡಿದು ಕ್ಲಿಂಕರಿನ, ಅಂದರೆ ಅರೆದರೆ ಸಿಮೆಂಟಾಗುವ ಸುಟ್ಟ ಉಂಡೆಗಳ ಒಳಗೆ ಕಟ್ಟಿಹಾಕುತ್ತದೆ. ಜ್ವಾಲೆಯ ಬಿಸಿ 2,000 ಡಿಗ್ರಿ ಹತ್ತಿರ, ಕ್ಲಿಂಕರ್ ಆಗುವುದು 1,450 ಡಿಗ್ರಿಯಲ್ಲಿ. ಹಾಗಾಗಿ ರಿಫೈನರಿಯ ಎಣ್ಣೆ ಕೆಸರನ್ನೂ ಇಂಥ ಕಿಲ್ನ್‌ಗಳಲ್ಲಿ ಇಂಧನದ ಜೊತೆ ಸುಡಲು ಅವಕಾಶ ಇದೆ. ಗುಂಡಿ ತೋಡಿ ಹೂಳುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಸುಣ್ಣಕ್ಕೂ ಒಂದು ಮಿತಿ ಇದೆ. ಗಂಧಕ ಜಾಸ್ತಿಯಾದರೆ ಕಿಲ್ನ್ ಗೋಡೆಗೆ, ಕಲ್ಲಿನ ಪುಡಿಯನ್ನು ಮೊದಲೇ ಕಾಯಿಸುವ ಸೈಕ್ಲೋನ್ ಎಂಬ ಪಾತ್ರೆಗೆ ಗಂಟುಗಂಟಾಗಿ ಅಂಟಿಕೊಳ್ಳುತ್ತದೆ. ವಾಡಿ, ಸೇಡಂ ಕಡೆ ಕೆಲಸ ಮಾಡಿದವರು ಇಲ್ಲಿದ್ದರೆ ಸೈಕ್ಲೋನ್ ಜಾಮ್ ಅಂದರೇನು ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ. ಪಾದರಸ ಸುಣ್ಣಕ್ಕೆ ಸಿಗುವುದಿಲ್ಲ, ಆವಿಯಾಗಿ ಮೇಲೆ ಹೋಗುತ್ತದೆ. ಕ್ಲೋರಿನ್ ಇರುವ ಕಸ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷದ ಭಯ. ಹೀಗೆ ಕಸ ಸೇರಿಸಿ ಸುಡುವ ಕಿಲ್ನ್‌ಗಳಿಗೆ ಡಯಾಕ್ಸಿನ್ ಮಿತಿ ಘನ ಮೀಟರಿಗೆ 0.1 ನ್ಯಾನೋಗ್ರಾಂ ಅಂತ ಇಟ್ಟಿದ್ದಾರೆ. ಕಠಿಣ ಮಿತಿಯೇ. ಅಳೆಯುವವರು ಯಾರು, ಎಷ್ಟು ಸಲ ಅಳೆಯುತ್ತಾರೆ ಅನ್ನುವುದು ನಾವು ಕೇಳಬೇಕಾದ ಮಾತು.

ಕೆಸರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಿಫೈನರಿಯಲ್ಲಿ ನನಗೆ ಹೆಚ್ಚು ತಲೆನೋವು ಕೊಟ್ಟದ್ದು ಇದೇ.

ಕೆಸರು ಎಲ್ಲಿ ಹುಟ್ಟುತ್ತದೆ? ಕಚ್ಚಾ ತೈಲದ ದೊಡ್ಡ ಟ್ಯಾಂಕುಗಳ ತಳದಲ್ಲಿ ಮೇಣ, ಮಣ್ಣು, ತುಕ್ಕು ಸೇರಿ ಕೂರುತ್ತದೆ. ಇನ್ನೊಂದು ಜಾಗ ಗಟಾರ. ಎಣ್ಣೆ ಬೆರೆತ ನೀರು ಗಟಾರದಲ್ಲಿ ಹರಿದು ಒಂದು ಉದ್ದ ತೊಟ್ಟಿಗೆ ಬರುತ್ತದೆ. ಅಲ್ಲಿ ನಿಧಾನವಾಗಿ ಹರಿಯುವಾಗ ಎಣ್ಣೆ ಮೇಲೆ ತೇಲುತ್ತದೆ, ಮಣ್ಣು ಕೆಳಗೆ ಕೂರುತ್ತದೆ. ತೇಲಿದ ಎಣ್ಣೆಯನ್ನು ಕೆನೆ ತೆಗೆದು ಮತ್ತೆ ಕಚ್ಚಾ ತೈಲಕ್ಕೆ ಸೇರಿಸುತ್ತಾರೆ. ಸರಳ ಕೆಲಸ. ಇದನ್ನು ಕೆಡಿಸುವುದೂ ಅಷ್ಟೇ ಸರಳ. ತೊಟ್ಟಿಗೆ ಬರುವ ಮುಂಚೆಯೇ ಆ ನೀರನ್ನು ಜೋರಾಗಿ ತಿರುಗುವ ಪಂಪಿಗೆ ಕೊಟ್ಟರೆ ಮುಗಿಯಿತು. ಒಗ್ಗರಣೆ ತೇಲುತ್ತಿದ್ದ ಸಾರನ್ನು ಮಿಕ್ಸಿಗೆ ಹಾಕಿದ ಹಾಗೆ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಲ್ಲೇ ಉಳಿಯುತ್ತದೆ, ಆಮೇಲೆ ರಾಸಾಯನಿಕ ಹಾಕಿ, ಗಾಳಿ ಊದಿ ಎಬ್ಬಿಸಬೇಕು. ಆ ರಾಸಾಯನಿಕವೂ ಕೊನೆಗೆ ಕೆಸರೇ. ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಗಟಾರ ಕಟ್ಟಿದ್ದರೆ ಈ ತಾಪತ್ರಯ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ಶತ್ರು ಮರಳು. ಕಾರ್ಖಾನೆಯ ರಸ್ತೆಯ ಧೂಳು, ಕಟ್ಟಡ ಕೆಲಸದ ಮಣ್ಣು, ಮಳೆಯಲ್ಲಿ ತೊಳೆದು ಗಟಾರಕ್ಕೆ ಬಂದರೆ ಪ್ರತಿ ಕಣಕ್ಕೂ ಎಣ್ಣೆ ಮೆತ್ತಿಕೊಳ್ಳುತ್ತದೆ. ಒಂದು ಪುಟ್ಟಿ ಮಣ್ಣು ಹಲವು ಪುಟ್ಟಿ ಎಣ್ಣೆ ಕೆಸರಾಗುತ್ತದೆ. ಹೊರಗಿದ್ದಾಗ ಅದು ಬರೀ ಮಣ್ಣು. ಗಟಾರಕ್ಕೆ ಬಿದ್ದ ಮೇಲೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಪಟ್ಟಿಯಲ್ಲೇ ರಿಫೈನರಿಯ ಎಣ್ಣೆ ಕೆಸರು, ಬಳಸಿ ಮುಗಿದ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಎಲ್ಲ ಇವೆ. ಹಾಗಾಗಿ ಕೆಸರು ಕಡಿಮೆ ಮಾಡುವ ಒಳ್ಳೆಯ ಉಪಕರಣಗಳಲ್ಲಿ ಕಸಬರಿಗೆಯೂ ಒಂದು. ನಗಬೇಡಿ. ರಸ್ತೆ ಗುಡಿಸಿ, ಗಟಾರದ ಬಾಯಿಗೆ ಕಟ್ಟೆ ಕಟ್ಟಿ, ಬರಿ ನೆಲಕ್ಕೆ ಹುಲ್ಲು ಹಾಕಿ ಅಂತ ಹೇಳಿದರೆ ಮೀಟಿಂಗಿನಲ್ಲಿ ಯಾರಿಗೂ ಉತ್ಸಾಹ ಬರುವುದಿಲ್ಲ. ಕೋಟಿಗಟ್ಟಲೆಯ ಯಂತ್ರದ ಪ್ರಸ್ತಾಪ ಬಂದರೆ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಟ್ಯಾಂಕಿನ ತಳದ್ದಕ್ಕೆ ಬೇರೆ ಉಪಾಯ. ಟ್ಯಾಂಕಿನ ಒಳಗೆ ಮಿಕ್ಸರ್ ತಿರುಗಿಸಿ ಕೂರದಂತೆ ನೋಡಿಕೊಳ್ಳುವುದು. ಕೂತಿದ್ದರೆ ಬಿಸಿ ತೈಲವನ್ನೇ ಜೋರಾಗಿ ಚಿಮ್ಮಿಸಿ ಕರಗಿಸುವುದು. ಮೇಣದ ಬಹುಪಾಲು ಮತ್ತೆ ತೈಲಕ್ಕೆ ಬರುತ್ತದೆ. ಅಂದರೆ ಅದು ದುಡ್ಡು. ಕೊನೆಗೂ ಉಳಿದ ಎಣ್ಣೆ ಮಣ್ಣನ್ನು ತಿನ್ನುವ ಬ್ಯಾಕ್ಟೀರಿಯಾ ಇವೆ. ದೆಹಲಿಯ ಟೆರಿ ಸಂಸ್ಥೆ 'ಆಯಿಲ್‌ಜ್ಯಾಪರ್' ಅನ್ನುವ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ, ಅದನ್ನು ನಮ್ಮ ದೇಶದ ತೈಲ ಕೆಸರಿನ ಮೇಲೆ ಬಳಸಿದ್ದಾರೆ. ತಿಂಗಳುಗಟ್ಟಲೆ ಸಮಯ ಬೇಕು, ಜಾಗ ಬೇಕು, ತೇವ ಬೇಕು. ಲೋಹಗಳನ್ನು ಮಾತ್ರ ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ, ಅವು ಅಲ್ಲೇ ಇರುತ್ತವೆ.

ನೀರಿನ ಬಗ್ಗೆ ಒಂದೆರಡು ಮಾತು. ಸಂಸ್ಕರಿಸಿ ಹೊರಬಿಡುವ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂಗಿಂತ ಜಾಸ್ತಿ ಎಣ್ಣೆ ಇರಬಾರದು ಅಂತ 2008ರ ಮಾನದಂಡ ಹೇಳುತ್ತದೆ. ಜಾಣ ರಿಫೈನರಿಗಳು ಹೊರಬಿಡುವುದನ್ನೇ ಕಡಿಮೆ ಮಾಡುತ್ತವೆ. ಒಂದು ಘಟಕದ ಕೊಳಕು ನೀರಿನಿಂದ ವಿಷಾನಿಲ ತೆಗೆದು, ಅದರಲ್ಲೇ ಕಚ್ಚಾ ತೈಲದ ಉಪ್ಪು ತೊಳೆಯುತ್ತವೆ. ಹೊಸ ನೀರು ಉಳಿಯಿತು, ಆ ನೀರಿನಲ್ಲಿದ್ದ ಫಿನಾಲ್ ಒಂದಿಷ್ಟು ತೈಲಕ್ಕೆ ಸೇರಿತು. 2016ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿದಾಗ ಮಂಗಳೂರಿನ ರಿಫೈನರಿಗೂ ಬಿಸಿ ತಟ್ಟಿತ್ತು. ಈಗ ಅದು ನಗರದ ಕೊಳಚೆ ನೀರನ್ನು ಸಂಸ್ಕರಿಸಿ ಬಳಸುತ್ತದೆ, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವನ್ನೂ ಕಟ್ಟಿಕೊಂಡಿದೆ. ಭೀಮೆ, ಕಾಗಿಣಾ ದಂಡೆಯ ಕಾರ್ಖಾನೆಗಳಿಗೆ ಸಮುದ್ರ ಇಲ್ಲ. ಕೊಳಚೆ ನೀರಂತೂ ಇದೆ.

ಗಾಳಿಯ ವಿಷಯಕ್ಕೆ ಬಂದರೆ ಎಲ್ಲರ ಕಣ್ಣೂ ಫ್ಲೇರಿನ ಮೇಲೆ, ಆ ಎತ್ತರದ ಬೆಂಕಿಯ ಮೇಲೆ. ಅದು ಸುರಕ್ಷತೆಗೆ ಇರುವುದು. ತುರ್ತಿನಲ್ಲಿ ಉರಿಯಲಿ. ದಿನವೂ ಭರ್ತಿ ಉರಿಯುತ್ತಿದ್ದರೆ ಕಂಪ್ರೆಸರ್ ಹಾಕಿ ಆ ಅನಿಲವನ್ನು ಮತ್ತೆ ಇಂಧನವಾಗಿ ಬಳಸಬೇಕು, ಅಷ್ಟೇ. ಕಣ್ಣಿಗೆ ಕಾಣದ ಸೋರಿಕೆ ಅದಕ್ಕಿಂತ ಕಷ್ಟದ್ದು. ರಿಫೈನರಿಯಲ್ಲಿ ವಾಲ್ವು, ಫ್ಲಾಂಜು, ಪಂಪ್ ಸೀಲುಗಳು ಸಾವಿರ ಸಾವಿರ. ಹೆಚ್ಚಿನವು ಸೋರುವುದಿಲ್ಲ. ಕೆಲವೇ ಕೆಲವು ಸೋರುತ್ತವೆ, ಒಟ್ಟು ಸೋರಿಕೆಯಲ್ಲಿ ದೊಡ್ಡ ಪಾಲು ಅವುಗಳದೇ. ಅವನ್ನು ಹುಡುಕಲು ಒಬ್ಬ ಮನುಷ್ಯ ಅಳತೆ ಯಂತ್ರವನ್ನು ಒಂದೊಂದರ ಹತ್ತಿರವೂ ಹಿಡಿದು ನೋಡಬೇಕು. ಬೇಸರದ ಕೆಲಸ. ಸೋರುವುದರಲ್ಲಿ ಬೆನ್ಜೀನ್ ಇರಬಹುದು, ಅದು ಕ್ಯಾನ್ಸರ್ ತರುತ್ತದೆ, ಹಾಗಾಗಿ ಬೇಸರ ಅಂತ ಬಿಡುವ ಹಾಗಿಲ್ಲ.

ಇಲ್ಲಿ ಅಮೆರಿಕದ ಒಂದು ಉದಾಹರಣೆ. ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಅಮೊಕೊ ಕಂಪನಿಯ ರಿಫೈನರಿ ಇತ್ತು. 1989ರಲ್ಲಿ ಕಂಪನಿ ಮತ್ತು ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಜೊತೆ ಸೇರಿ ಅಳತೆಗೆ ಇಳಿದರು. ಕಾನೂನು ಹೇಳಿದ್ದು ಕೊಳಕು ನೀರಿನ ಗಟಾರದಿಂದ ಏಳುವ ಬೆನ್ಜೀನ್ ತಡೆಯಿರಿ ಅಂತ. ಅದಕ್ಕೆ 3 ಕೋಟಿ ಡಾಲರಿನಷ್ಟು ಖರ್ಚು. ಅಳೆದು ನೋಡಿದರೆ, ದಕ್ಕೆಯಲ್ಲಿ ಹಡಗಿಗೆ ಪೆಟ್ರೋಲ್ ತುಂಬುವಾಗ ಹಾರಿಹೋಗುತ್ತಿದ್ದ ಬೆನ್ಜೀನ್ ಅದಕ್ಕಿಂತ ಬಹಳ ಜಾಸ್ತಿ. ಅದನ್ನು ತಡೆಯುವ ಖರ್ಚು ಬಹಳ ಕಡಿಮೆ. ಆದರೆ ಆಗ ಕಾನೂನು ಅದನ್ನು ಕೇಳಿರಲಿಲ್ಲ! ಎಲ್ಲಿ ತಡೆಯಬೇಕು ಅಂತ ಆರಿಸಿಕೊಳ್ಳಲು ಬಿಟ್ಟಿದ್ದರೆ ಸುಮಾರು ಕಾಲು ಭಾಗ ಖರ್ಚಿನಲ್ಲೇ ಹೆಚ್ಚುಕಡಿಮೆ ಅಷ್ಟೇ ಫಲ ಸಿಗುತ್ತಿತ್ತು ಅಂತ ಅವರ ಲೆಕ್ಕ. ಕಂಪನಿಗಳು ಈ ಕಥೆಯನ್ನು "ನಿಯಮ ಸಡಿಲಿಸಿ" ಅನ್ನಲು ಬಳಸುತ್ತವೆ. ನನಗೆ ಕಾಣುವುದು ಬೇರೆ: ಅಳೆಯುವ ಮುಂಚೆ ಆ ದಕ್ಕೆಯ ವಿಷಯ ಕಂಪನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಇನ್ನು ಶಕ್ತಿ. ತಾನು ಕೊಂಡ ತೈಲದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲನ್ನು ರಿಫೈನರಿ ತನ್ನ ಫರ್ನೇಸಿಗೇ ಸುಟ್ಟುಕೊಳ್ಳುತ್ತದೆ. ಹೊರಹೋಗುವ ಬಿಸಿ ಡೀಸೆಲ್ಲಿನಿಂದ ಒಳಬರುವ ತಣ್ಣನೆಯ ತೈಲ ಕಾಯಿಸಿದರೆ ಸುಡುವುದು ಕಡಿಮೆಯಾಗುತ್ತದೆ. ಸುಡದ ತೈಲಕ್ಕೆ ಹೊಗೆಯೂ ಇಲ್ಲ. ಇದರ ಲೆಕ್ಕಾಚಾರ ನಿಮ್ಮ ಸಿಲಬಸ್ಸಿನಲ್ಲೇ ಇದೆ, ಪಿಂಚ್ ಅನಾಲಿಸಿಸ್ ಅಂತ. ಪರೀಕ್ಷೆಗೆ ಅಷ್ಟೇ ಓದಬೇಡಿ.

ಸಭಿಕರ ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿನಿ: "ಸರ್, ಕಂಪನಿಯವರು ಹೇಳೋದು ಖರೆ ಅದನೋ ಇಲ್ಲೋ ನಮಗ ಹೆಂಗ ಗೊತ್ತಾಗಬೇಕು?"

ಕಾಗದ ನೋಡಮ್ಮ. ಅಪಾಯಕಾರಿ ತ್ಯಾಜ್ಯ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ ನಮೂನೆ 10 ಅನ್ನುವ ಚೀಟಿ ಏಳು ಪ್ರತಿಯಲ್ಲಿ ಆಗಬೇಕು. ಕಳಿಸಿದವರು, ಸಾಗಿಸಿದವರು, ತೆಗೆದುಕೊಂಡವರು ಮೂವರೂ ಸಹಿ ಹಾಕಬೇಕು. ಪ್ರತಿ ವರ್ಷ ಜೂನ್ 30ರೊಳಗೆ ನಮೂನೆ 4ರಲ್ಲಿ ಲೆಕ್ಕ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಕಳಿಸಿದವರ ಟನ್ನು, ತೆಗೆದುಕೊಂಡವರ ಟನ್ನು ತಾಳೆ ಹಾಕು. ವ್ಯತ್ಯಾಸ ಬಂದರೆ ಅದೇ ನಿನ್ನ ಪ್ರಶ್ನೆ. ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಸೇಡಂ ಕಡೆಯ ರೈತರೊಬ್ಬರು: "ತೊಗರಿ ಎಲಿ ಮ್ಯಾಲೆ ಧೂಳು ಕೂಡ್ತದ ರೀ. ಯಾರಿಗೆ ಹೇಳೋಣು?"

ಅಣ್ಣಾರ, ರಿಫೈನರಿ, ಸಿಮೆಂಟ್ ಸೇರಿದಂತೆ 17 ಬಗೆಯ ಉದ್ಯಮಗಳು ಚಿಮಣಿಗೆ ನಿರಂತರ ಅಳತೆ ಯಂತ್ರ ಕೂರಿಸಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ಆದರೆ ಆ ಯಂತ್ರಕ್ಕೆ ಕಾಣುವುದು ಚಿಮಣಿಯ ಧೂಳು ಮಾತ್ರ. ಗಣಿಯಿಂದ, ಲಾರಿಯಿಂದ, ತೆರೆದ ರಾಶಿಯಿಂದ ಏಳುವ ಧೂಳು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ದೂರು ಕೊಡುವಾಗ ಧೂಳು ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ, ಗಾಳಿ ಯಾವ ಕಡೆಯಿಂದ ಅಂತ ಬರೆದು, ಫೋಟೊ ಇಟ್ಟು ಮಂಡಳಿಯ ಜಿಲ್ಲಾ ಕಚೇರಿಗೆ ಕೊಡಿ. ದೊಡ್ಡ ಕಾರ್ಖಾನೆ ಹೊಸದಾಗಿ ಬರುವಾಗ ಅಥವಾ ವಿಸ್ತರಿಸುವಾಗ ಪರಿಸರದ ಮೇಲಿನ ಪರಿಣಾಮ ಅಂದಾಜಿಸುವ 2006ರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಆ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಹೋಗುವ ಮುಂಚೆ ಅದನ್ನು ಓದಿಸಿಕೊಂಡು ಹೋಗಿ. ಅಲ್ಲಿ ನೀವು ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕು, ಆಗಿದೆಯಾ ಅಂತ ನೋಡಿಕೊಳ್ಳಿ.

ಗ್ಯಾರೇಜ್ ನಡೆಸುವ ಯುವಕ: "ಸರ್, ನಮ್ಮಲ್ಲಿ ದಿನಾ ಹಳೇ ಎಂಜಿನ್ ಆಯಿಲ್ ತೆಗಿತೀವಿ. ಸೆಂಟ್ರಿಂಗ್ ಕೆಲಸದವರು ಒಯ್ತಾರ. ಅದು ತಪ್ಪೇನ್ರಿ?"

ಹಲಗೆಗೆ ಹಚ್ಚಿದ ಆ ಎಣ್ಣೆ ಮಳೆಗೆ ತೊಳೆದು ಮಣ್ಣಿಗೆ ಹೋಗುತ್ತದೆ. ಅದರಲ್ಲಿ ಎಂಜಿನ್ ಸವೆದ ಲೋಹ ಇರುತ್ತದೆ. ಅದೇ ಎಣ್ಣೆಯನ್ನು ಮರುಸಂಸ್ಕರಣೆ ಮಾಡಿದರೆ ಮತ್ತೆ ಬೇಸ್ ಆಯಿಲ್, ಅಂದರೆ ಎಂಜಿನ್ ಆಯಿಲ್ಲಿನ ಮೂಲ ಎಣ್ಣೆ ಬರುತ್ತದೆ, ಅಷ್ಟು ಕಚ್ಚಾ ತೈಲ ಉಳಿಯುತ್ತದೆ. 2024ರ ಏಪ್ರಿಲ್ 1ರಿಂದ ಆಯಿಲ್ ಮಾರುವ ಕಂಪನಿಗಳೇ ಹಳೆಯದನ್ನು ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು ಅಂತ ನಿಯಮ ಬಂದಿದೆ. ನೋಂದಣಿ ಇರುವ ಸಂಗ್ರಹಗಾರರಿಗೇ ಕೊಡಿ, ರಸೀದಿ ಕೇಳಿ. ಕೂಲಂಟು, ನೀರು, ಪೆಟ್ರೋಲ್ ಅದಕ್ಕೆ ಬೆರೆಸಬೇಡಿ, ಬೆರೆತರೆ ಅವರು ಒಯ್ಯುವುದಿಲ್ಲ. ಒಂದು ಮುಚ್ಚಳ ಇರುವ ಡ್ರಮ್ ಇಟ್ಟು, ಅದನ್ನು ನೆರಳಲ್ಲಿ, ಸಿಮೆಂಟ್ ನೆಲದ ಮೇಲೆ ಇಡಿ.